ಕಚೇರಿಯ ತಂತಿ, ನೆಲದೊಳಗಿನ ಗಾಜಿನ ಎಳೆ: ಜಾಲ ಕೇಬಲ್‌ಗಳ ರಚನೆ, ತಯಾರಿಕೆ ಮತ್ತು ರಕ್ಷಣೆ

“ನೆಟ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಕೇಳದ ಗ್ರಾಮ ಪಂಚಾಯತಿ ಸದಸ್ಯರು ವಿರಳ. ಇ-ಸ್ವತ್ತಿನ ನಮೂನೆಗಾಗಿ ಬಂದ ಮನೆಯ ಮಾಲೀಕರು, ಉದ್ಯೋಗ ಖಾತರಿಯ ಕೂಲಿ ಏಕೆ ಜಮೆಯಾಗಿಲ್ಲವೆಂದು ವಿಚಾರಿಸಲು ಬಂದ ಮಹಿಳೆ, ಪಿಂಚಣಿಯ ಅರ್ಜಿ ಹಿಡಿದು ಬಂದ ವೃದ್ಧರು ಎಲ್ಲರೂ ಈ ಒಂದೇ ಉತ್ತರವನ್ನು ಪಡೆದು ಹಿಂದಿರುಗುತ್ತಾರೆ. ದರೋಜಿಯಂತಹ ಊರಿನಿಂದ ಇದೇ ಕೆಲಸಕ್ಕಾಗಿ ಸಂಡೂರಿಗೆ ಹೋಗಿ ಬರುವುದೆಂದರೆ ಕೂಲಿಯನ್ನೇ ನಂಬಿದ ಕುಟುಂಬಕ್ಕೆ ಒಂದು ದಿನದ ದುಡಿಮೆ ತಪ್ಪಿದಂತೆ.

‘ನೆಟ್ ಇಲ್ಲ’ ಎಂಬುದು ಕಾರಣವಲ್ಲ, ಪರಿಣಾಮ. ಕಾರಣವು ಹಲವು ಬಾರಿ ಎರಡು ಸ್ಥಳಗಳಲ್ಲಿ ಸಿಗುತ್ತದೆ: ಕಚೇರಿಯ ಗೋಡೆಗಳ ನಡುವಿನ ಕೆಲವೇ ಮೀಟರ್ ತಂತಿಯಲ್ಲಿ, ಇಲ್ಲವೇ ರಸ್ತೆಯ ಬದಿಯಲ್ಲಿ ಯಾರೋ ಅಗೆದ ಗುಂಡಿಯಲ್ಲಿ. ಇವೆರಡೂ ಗ್ರಾಮ ಪಂಚಾಯತಿಯ ನಿರ್ಣಯಕ್ಕೆ ಒಳಪಟ್ಟ ಸ್ಥಳಗಳು. ತಂತಿಯ ಖರೀದಿಗೆ ಅನುಮೋದನೆ ನೀಡುವುದು ಸಾಮಾನ್ಯ ಸಭೆ; ಚರಂಡಿ, ಕೊಳವೆ ಮಾರ್ಗ, ರಸ್ತೆ ಕಾಮಗಾರಿಗಳನ್ನು ಕೈಗೊಳ್ಳುವುದೂ ಬಹುಮಟ್ಟಿಗೆ ಅದೇ ಸಭೆಯ ಅರಿವಿನಲ್ಲಿ. ಆದುದರಿಂದ ಕೇಬಲ್ ಎಂದರೇನು, ಅದನ್ನು ಹೇಗೆ ತಯಾರಿಸುತ್ತಾರೆ, ಅದು ಎಲ್ಲಿ ದುರ್ಬಲ ಎಂಬುದು ಸದಸ್ಯರಿಗೆ ತಿಳಿದಿರಬೇಕಾದ ವಿಷಯವೇ ಆಗಿದೆ.

ಎರಡು ಬಗೆಯ ಕೇಬಲ್

ಪಂಚಾಯತಿ ಕಚೇರಿಯ ಸಂಪರ್ಕದಲ್ಲಿ ಸ್ವಭಾವದಿಂದಲೇ ಭಿನ್ನವಾದ ಎರಡು ಕೇಬಲ್‌ಗಳಿರುತ್ತವೆ. ಹೊರಗಿನಿಂದ ನೆಲದೊಳಗೆ, ಕೆಲವೆಡೆ ಕಂಬಗಳ ಮೇಲೆ ಬರುವುದು ಗಾಜಿನ ಎಳೆಗಳುಳ್ಳ ಆಪ್ಟಿಕಲ್ ಫೈಬರ್ ಕೇಬಲ್. ಗೋಡೆಗೆ ಹಾಕಿದ, ದೀಪಗಳು ಮಿನುಗುವ ಚಿಕ್ಕ ಪೆಟ್ಟಿಗೆಗೆ ಅದರ ಪಯಣ ಮುಗಿಯುತ್ತದೆ. ಆ ಪೆಟ್ಟಿಗೆಯಿಂದ ಗಣಕಯಂತ್ರಗಳವರೆಗೆ ಹೋಗುವುದು ತಾಮ್ರದ ಕೇಬಲ್. ಅಂಗಡಿಯವರು ‘ಲ್ಯಾನ್ ಕೇಬಲ್’, ‘ಕ್ಯಾಟ್ ಸಿಕ್ಸ್’ ಎಂದು ಕರೆಯುವುದು ಇದನ್ನೇ. ಮೊದಲನೆಯದರಲ್ಲಿ ಹರಿಯುವುದು ಬೆಳಕು, ಎರಡನೆಯದರಲ್ಲಿ ವಿದ್ಯುತ್ ಮಿಡಿತ. ಪೆಟ್ಟಿಗೆಯ ಕೆಲಸವೆಂದರೆ ಒಂದನ್ನು ಮತ್ತೊಂದಾಗಿ ಪರಿವರ್ತಿಸುವುದು.

ಗಾಜಿನ ಎಳೆ ಹಳ್ಳಿಯವರೆಗೆ ಬಂದದ್ದು ಇತ್ತೀಚಿನ ಸಂಗತಿ. ಕೇಂದ್ರ ಸರ್ಕಾರವು 2011ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ ಒಪ್ಪಿಗೆ ನೀಡಿತು. ಮುಂದೆ ಇದೇ ಯೋಜನೆ ‘ಭಾರತ್‌ನೆಟ್’ ಎಂಬ ಹೆಸರು ಪಡೆಯಿತು. ತಾಲ್ಲೂಕು ಮಟ್ಟದ ದೂರವಾಣಿ ವಿನಿಮಯ ಕೇಂದ್ರದಿಂದ ಪ್ರತಿ ಗ್ರಾಮ ಪಂಚಾಯತಿಗೆ ಫೈಬರ್ ತಲುಪಿಸಿ, ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕ ಒದಗಿಸುವುದು ಇದರ ಗುರಿಯಾಗಿತ್ತು.

ತಾಮ್ರದ ತಂತಿಯ ಹುರಿ

ಲ್ಯಾನ್ ಕೇಬಲ್‌ನ ಹೊರಕವಚವನ್ನು ಸುಲಿದರೆ ಎಂಟು ಸಣ್ಣ ತಂತಿಗಳು ಕಾಣುತ್ತವೆ. ಅವು ಬಿಡಿಬಿಡಿಯಾಗಿರುವುದಿಲ್ಲ, ನೀಲಿ, ಕಿತ್ತಳೆ, ಹಸಿರು, ಕಂದು ಬಣ್ಣದ ಒಂದೊಂದು ತಂತಿಯೂ ತನ್ನ ಬಿಳಿ ಪಟ್ಟೆಯ ಜೊತೆಗಾರನೊಡನೆ ಹುರಿಗೊಂಡು ನಾಲ್ಕು ಜೋಡಿಗಳಾಗಿರುತ್ತವೆ. ಪುಂಡಿನಾರಿನ ಹಗ್ಗ ಹೊಸೆಯುವವರು ಬಲಕ್ಕಾಗಿ ಹುರಿ ಹಾಕುತ್ತಾರೆ. ಇಲ್ಲಿ ಹುರಿಯ ಉದ್ದೇಶ ಬಲವಲ್ಲ, ಗದ್ದಲದಿಂದ ರಕ್ಷಣೆ.

ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಕೇಬಲ್‌ನ ಗುಟ್ಟೆಲ್ಲ ಇಲ್ಲಿದೆ. ಜೋಡಿಯ ಎರಡು ತಂತಿಗಳಲ್ಲಿ ಒಂದೇ ಸಂಕೇತವನ್ನು ಪರಸ್ಪರ ವಿರುದ್ಧವಾಗಿ ಕಳುಹಿಸಲಾಗುತ್ತದೆ: ಒಂದರಲ್ಲಿ ವಿದ್ಯುತ್ ಒತ್ತಡ ಏರಿದಾಗ ಇನ್ನೊಂದರಲ್ಲಿ ಅಷ್ಟೇ ಇಳಿಯುತ್ತದೆ. ಪಕ್ಕದಲ್ಲಿ ಫ್ಯಾನು, ಪಂಪ್‌ಸೆಟ್ಟಿನ ಸ್ಟಾರ್ಟರ್ ಅಥವಾ ವಿದ್ಯುತ್ ತಂತಿ ಇದ್ದರೆ ಅದರಿಂದ ಹೊಮ್ಮುವ ಅಲೆ ಎರಡೂ ತಂತಿಗಳನ್ನು ತಟ್ಟುತ್ತದೆ. ತುದಿಯಲ್ಲಿರುವ ಯಂತ್ರ ಮಾಡುವುದು ಸರಳ ಲೆಕ್ಕ. ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುತ್ತದೆ. ಎರಡಕ್ಕೂ ಸಮನಾಗಿ ಸೇರಿದ ಗದ್ದಲ ಕಳೆಯುವಾಗ ಸೊನ್ನೆಯಾಗುತ್ತದೆ, ವಿರುದ್ಧವಾಗಿ ಕಳುಹಿಸಿದ ಸಂಕೇತ ಮಾತ್ರ ಉಳಿಯುತ್ತದೆ. ಆದರೆ ಗದ್ದಲ ಎರಡಕ್ಕೂ ಸಮನಾಗಿ ತಟ್ಟಬೇಕಾದರೆ ಯಾವ ತಂತಿಯೂ ಸದಾ ಒಂದೇ ಬದಿಯಲ್ಲಿ ಇರಬಾರದು. ಹುರಿ ಹಾಕಿದಾಗ ಎರಡೂ ಸರದಿಯಂತೆ ಹತ್ತಿರಕ್ಕೂ ದೂರಕ್ಕೂ ಬರುತ್ತವೆ. ಈ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಪೇಟೆಂಟ್ ಪಡೆದಿದ್ದರು. ದೂರವಾಣಿಗಾಗಿ ಹುಟ್ಟಿದ ಉಪಾಯ ಇಂದು ಪಂಚಾಯತಿಯ ಗಣಕಯಂತ್ರವನ್ನು ನಡೆಸುತ್ತಿದೆ.

ನಾಲ್ಕೂ ಜೋಡಿಗಳ ಹುರಿ ಒಂದೇ ಬಿಗಿಯಲ್ಲಿ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಒಂದು ಜೋಡಿಯ ಸುತ್ತು ಬಿಗಿ, ಇನ್ನೊಂದರದು ತುಸು ಸಡಿಲ. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಅಕ್ಕಪಕ್ಕದ ಜೋಡಿಗಳು ಒಂದರ ಮಾತನ್ನು ಇನ್ನೊಂದು ಕದ್ದು ಕೇಳಿದಂತಾಗುತ್ತದೆ. ಕ್ಯಾಟ್ 6 ಕೇಬಲ್‌ನಲ್ಲಿ ಜೋಡಿಗಳನ್ನು ಬೇರ್ಪಡಿಸಲು ಸಾಮಾನ್ಯವಾಗಿ ನಡುವೆ ಕೂಡುಗುರುತಿನ ಆಕಾರದ ಪ್ಲಾಸ್ಟಿಕ್ ಪಟ್ಟಿಯೂ ಇರುತ್ತದೆ.

ಇನ್ನು ತಯಾರಿಕೆ. ಕರ್ನಾಟಕದಲ್ಲಿ ಚಿತ್ರದುರ್ಗದ ಸಮೀಪದ ಇಂಗಳದಾಳದಲ್ಲಿ ಹಿಂದೆ ತಾಮ್ರದ ಗಣಿಗಾರಿಕೆ ನಡೆದಿತ್ತು. ಆದರೆ ಅದಿರಿನಿಂದ ಬಂದ ತಾಮ್ರ ನೇರವಾಗಿ ಕೇಬಲ್‌ಗೆ ಬಾರದು, ವಿದ್ಯುದ್ವಿಭಜನೆಯಿಂದ ಶೇ. 99.99ರಷ್ಟು ಶುದ್ಧಗೊಳಿಸಿದ ತಾಮ್ರವೇ ಬೇಕು. ಅದನ್ನು ಕರಗಿಸಿ ಸುಮಾರು 8 ಮಿ.ಮೀ. ದಪ್ಪದ ಸರಳಾಗಿ ಎರಕ ಹೊಯ್ಯುತ್ತಾರೆ. ಈ ಸರಳನ್ನು ಒಂದಕ್ಕಿಂತ ಒಂದು ಕಿರಿದಾದ ರಂಧ್ರಗಳ ಅಚ್ಚುಗಳ ಮೂಲಕ ಎಳೆಯುತ್ತ ಹೋದಂತೆ ಅದು ತೆಳುವಾಗಿ ಉದ್ದವಾಗುತ್ತದೆ. ಕೊನೆಗೆ ಅರ್ಧ ಮಿ.ಮೀ. ಆಸುಪಾಸಿನ ತಂತಿಯಾಗುತ್ತದೆ. ಎಳೆತದಿಂದ ತಾಮ್ರ ಪೆಡಸಾಗುವುದರಿಂದ ಕಾಯಿಸಿ ಮೆದು ಮಾಡುತ್ತಾರೆ. ಬಳಿಕ ಕರಗಿದ ಪಾಲಿಥಿನ್ ತಂತಿಯನ್ನು ಎಲ್ಲ ಕಡೆಯಿಂದ ಸಮನಾಗಿ ಆವರಿಸುವಂತೆ ಯಂತ್ರದಿಂದ ಹಾಯಿಸಿ, ನೀರಿನಲ್ಲಿ ತಣಿಸಿ, ಹೆಚ್ಚಿನ ವಿದ್ಯುತ್ ಒತ್ತಡದ ಕಿಡಿ ಪರೀಕ್ಷೆಗೆ ಒಡ್ಡುತ್ತಾರೆ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಅಲ್ಲಿ ಕಿಡಿ ಹಾರಿ ದೋಷ ಬಯಲಾಗುತ್ತದೆ. ಅನಂತರ ಜೋಡಿ ಹುರಿ, ನಾಲ್ಕು ಜೋಡಿಗಳ ಕೂಡಿಕೆ, ಹೊರಕವಚ, ಕವಚದ ಮೇಲೆ ತಯಾರಕರ ಹೆಸರು ಹಾಗೂ ಮೀಟರ್ ಅಂಕಿಗಳ ಮುದ್ರಣ, ಕೊನೆಯಲ್ಲಿ 305 ಮೀಟರ್‌ನ ಪೆಟ್ಟಿಗೆ. ಅದು ವಿಚಿತ್ರ ಸಂಖ್ಯೆಯೆನಿಸಬಹುದು. ಸಾವಿರ ಅಡಿಯನ್ನು ಮೀಟರಿಗೆ ಬದಲಿಸಿದಾಗ ಬರುವ ಸಂಖ್ಯೆಯಷ್ಟೇ.

ಖರೀದಿಯಲ್ಲಿ ಕಾಣದ ನಷ್ಟ

ಮಾರುಕಟ್ಟೆಯಲ್ಲಿ ಅರ್ಧ ಬೆಲೆಗೆ ದೊರೆಯುವ ‘ಕ್ಯಾಟ್ 6’ ಕೇಬಲ್‌ಗಳಿವೆ. ಅನೇಕ ವೇಳೆ ಇವುಗಳ ಒಳಗಿರುವುದು ತಾಮ್ರವಲ್ಲ. ಅಲ್ಯೂಮಿನಿಯಂ ತಂತಿಗೆ ತೆಳುವಾಗಿ ತಾಮ್ರದ ಲೇಪ ನೀಡಿದ್ದು. ವ್ಯಾಪಾರದಲ್ಲಿ ಇದನ್ನು ‘ಸಿ.ಸಿ.ಎ.’ ಎನ್ನುತ್ತಾರೆ. ತುದಿ ಕತ್ತರಿಸಿದಾಗ ಮೇಲ್ನೋಟಕ್ಕೆ ಕೆಂಪಾಗಿಯೇ ಕಾಣುತ್ತದೆ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಸುಮಾರು ಶೇ. 61 ಮಾತ್ರವಾದುದರಿಂದ ಇಂತಹ ತಂತಿಯ ವಿದ್ಯುತ್ ರೋಧ ಸುಮಾರು ಒಂದೂವರೆ ಪಟ್ಟು ಹೆಚ್ಚು. ಕ್ಯಾಟ್ 5ಇ, ಕ್ಯಾಟ್ 6 ಎಂಬ ಹೆಸರಿಗೆ ಆಧಾರವಾದ ಮಾನದಂಡಗಳು ಸಿ.ಸಿ.ಎ. ತಂತಿಯನ್ನು ಒಪ್ಪುವುದಿಲ್ಲ. ಅಂದರೆ ಪೆಟ್ಟಿಗೆಯ ಮೇಲಿನ ಹೆಸರೇ ಸುಳ್ಳು.

ಇದರ ಪರಿಣಾಮ ಮೊದಲ ದಿನ ಕಾಣುವುದಿಲ್ಲ. ಹತ್ತು ಮೀಟರ್ ದೂರದ ಗಣಕಯಂತ್ರ ಸರಿಯಾಗಿಯೇ ನಡೆಯುತ್ತದೆ, ಬಿಲ್ಲೂ ಪಾವತಿಯಾಗುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ಎಂಬತ್ತು ತೊಂಬತ್ತು ಮೀಟರ್ ಎಳೆದಾಗ ಅಥವಾ ಅದೇ ಕೇಬಲ್ ಮೂಲಕ ಸಿ.ಸಿ. ಕ್ಯಾಮೆರಾಕ್ಕೆ ವಿದ್ಯುತ್ತನ್ನೂ ಕಳುಹಿಸಿದಾಗ. ಹೆಚ್ಚಿನ ರೋಧದಿಂದ ಕೇಬಲ್ ಕಾವೇರುತ್ತದೆ, ಕ್ಯಾಮೆರಾಕ್ಕೆ ತಲುಪುವ ಒತ್ತಡ ಕುಸಿದು ರಾತ್ರಿ ವೇಳೆ ಅದು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಎರಡು ಮೂರು ಬಾರಿ ಬಾಗಿಸಿದರೆ ಅಲ್ಯೂಮಿನಿಯಂ ಮುರಿಯುತ್ತದೆ. ಆಗ ದೂರು ಹೋಗುವುದು ಸಂಪರ್ಕ ಒದಗಿಸಿದ ಸಂಸ್ಥೆಗೆ. ದೋಷ ಇರುವುದು ಕಚೇರಿಯ ಗೋಡೆಯ ಮೇಲೆ.

ಪರೀಕ್ಷೆ ಕಠಿಣವಲ್ಲ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದಾಗ ಬೆಳ್ಳಗಿನ ಲೋಹ ಕಂಡರೆ ಅದು ಸಿ.ಸಿ.ಎ. ತೂಕ ಇನ್ನೂ ನಂಬಿಕಸ್ಥ ಸಾಕ್ಷಿ. 0.57 ಮಿ.ಮೀ. ದಪ್ಪದ ಎಂಟು ತಂತಿಗಳ 305 ಮೀಟರ್ ಉದ್ದದಲ್ಲಿ ತಾಮ್ರವೊಂದೇ ಐದೂವರೆ ಕಿಲೋ ಆಗುತ್ತದೆ. ಅದೇ ಅಳತೆಯ ಸಿ.ಸಿ.ಎ. ಸುಮಾರು ಎರಡು ಕಿಲೋ. ಪ್ಲಾಸ್ಟಿಕ್ಕಿನ ತೂಕ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆದುದರಿಂದ ಎರಡು ಪೆಟ್ಟಿಗೆಗಳ ನಡುವೆ ಮೂರೂವರೆ ಕಿಲೋ ವ್ಯತ್ಯಾಸವನ್ನು ನ್ಯಾಯಬೆಲೆ ಅಂಗಡಿಯ ತಕ್ಕಡಿಯೇ ತೋರಿಸಿಕೊಡುತ್ತದೆ. ದರಪಟ್ಟಿ ಕರೆಯುವಾಗ ‘ಲ್ಯಾನ್ ಕೇಬಲ್’ ಎಂದಷ್ಟೇ ಬರೆಯದೆ ‘ಅಪ್ಪಟ ತಾಮ್ರದ ತಂತಿಯುಳ್ಳ ಕ್ಯಾಟ್ 6 ಕೇಬಲ್’ ಎಂದು ನಮೂದಿಸಿದರೆ ತಿರಸ್ಕರಿಸುವ ಹಕ್ಕು ಪಂಚಾಯತಿಗೆ ಉಳಿಯುತ್ತದೆ.

ಕವಚದ ಮೇಲಿನ ಮೀಟರ್ ಅಂಕಿಗೂ ಒಂದು ಉಪಯೋಗವಿದೆ. ಗೋಡೆಗೆ ಹಾಕಿದ ಕೇಬಲ್‌ನ ಒಂದು ತುದಿಯಲ್ಲಿ 112, ಇನ್ನೊಂದು ತುದಿಯಲ್ಲಿ 148 ಎಂದಿದ್ದರೆ ಬಳಕೆಯಾದದ್ದು 36 ಮೀಟರ್. ಅಳತೆ ಪುಸ್ತಕದಲ್ಲಿಯೂ ದಾಸ್ತಾನು ವಹಿಯಲ್ಲಿಯೂ ಅಷ್ಟೇ ಇರಬೇಕು. ಏಣಿ ಹತ್ತದೆಯೇ ಯಾವ ಸದಸ್ಯರಾದರೂ ಇದನ್ನು ಪರಿಶೀಲಿಸಬಹುದು.

ಅಳವಡಿಸುವಾಗಲೂ ಒಳ್ಳೆಯ ಕೇಬಲ್ ಕೆಡುವುದುಂಟು. ತುದಿಯ ಪಿನ್ನು ಹಾಕುವಾಗ ಹುರಿಯನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬಾರದು. ಎರಡು ಮೂರು ಅಂಗುಲ ಬಿಚ್ಚಿ ಕೂರಿಸಿದರೆ ಅಷ್ಟು ಭಾಗದಲ್ಲಿ ಗದ್ದಲದಿಂದ ರಕ್ಷಣೆಯೇ ಇಲ್ಲ. ಕೊಳವೆಯೊಳಗೆ ಎಳೆಯುವಾಗ ಹನ್ನೊಂದು ಕಿಲೋ ತೂಕಕ್ಕೆ ಸಮನಾದ ಬಲವನ್ನು ಮೀರಿದರೆ ಒಳಗಿನ ಹುರಿ ಹಿಗ್ಗಿ ಅಳತೆ ತಪ್ಪುತ್ತದೆ. ವಿದ್ಯುತ್ ವೈರಿಂಗಿನ ಕೊಳವೆಯಲ್ಲಿ ಇದನ್ನು ಹಾಯಿಸಲೇಬಾರದು. ಒಟ್ಟು ಉದ್ದ 100 ಮೀಟರ್ ಮೀರುವಂತಿಲ್ಲ. ಪಕ್ಕದ ಗ್ರಂಥಾಲಯಕ್ಕೋ ಶಾಲೆಗೋ ಕಂಬದಿಂದ ಕಂಬಕ್ಕೆ ತಾಮ್ರದ ಕೇಬಲ್ ಎಳೆಯುವ ರೂಢಿಯನ್ನು ಬಿಡುವುದು ಲೇಸು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಅದು ಎರಡೂ ಕಟ್ಟಡಗಳ ಯಂತ್ರಗಳನ್ನು ಸುಡುವ ದಾರಿಯಾಗುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಲೋಹದ ಭಾಗವಿಲ್ಲದ ಫೈಬರ್ ಕೇಬಲ್ಲೇ ಸರಿ.

ಬೆಳಕು ಹೊರುವ ಗಾಜು

ದರೋಜಿ ಕೆರೆಯಲ್ಲಿ ಈಜು ಕಲಿತವರು ಒಂದು ಸಂಗತಿಯನ್ನು ಕಂಡಿರಬಹುದು. ತಿಳಿನೀರಿನಲ್ಲಿ ಮುಳುಗಿ ಓರೆಯಾಗಿ ದೂರಕ್ಕೆ ಮೇಲ್ನೋಟ ಬೀರಿದರೆ ಆಕಾಶ ಕಾಣುವುದಿಲ್ಲ; ನೀರಿನ ಮೇಲ್ಮೈ ಕನ್ನಡಿಯಂತಾಗಿ ಕೆರೆಯ ಒಳಭಾಗವೇ ಅದರಲ್ಲಿ ಪ್ರತಿಫಲಿಸುತ್ತದೆ. ನೀರಿನೊಳಗಿನ ಬೆಳಕು ಬಹಳ ಓರೆಯಾಗಿ ಮೇಲ್ಮೈಯನ್ನು ತಾಕಿದಾಗ ಗಾಳಿಗೆ ಹೊರಬರಲಾರದೆ ಒಳಕ್ಕೇ ಮರಳುತ್ತದೆ. ಶಾಲಾ ಪಠ್ಯದಲ್ಲಿ ಇದನ್ನು ಸಂಪೂರ್ಣ ಆಂತರಿಕ ಪ್ರತಿಫಲನ ಎನ್ನುತ್ತಾರೆ. ಫೈಬರಿನ ಮೂಲತತ್ವ ಇದೇ. ನಡುವೆ ಸುಮಾರು 9 ಮೈಕ್ರೋಮೀಟರ್ ದಪ್ಪದ ಗಾಜಿನ ತಿರುಳು, ಅಂದರೆ ಒಂದು ಮಿ.ಮೀ.ಯ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅದರ ಸುತ್ತ ಗುಣದಲ್ಲಿ ತುಸುವೇ ಬೇರೆಯಾದ ಇನ್ನೊಂದು ಗಾಜು; ಎರಡೂ ಸೇರಿ 125 ಮೈಕ್ರೋಮೀಟರ್. ತಿರುಳಿಗೆ ಹೊಕ್ಕ ಬೆಳಕು ಹೊರಗಿನ ಗಾಜಿಗೆ ಸೋರದೆ, ಎಳೆ ತಿರುಗಿದತ್ತ ತಿರುಗುತ್ತ, ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ವೇಗದಲ್ಲಿ ಸಾಗುತ್ತದೆ.

ಈ ವಿದ್ಯೆಯಲ್ಲಿ ಭಾರತೀಯರೊಬ್ಬರ ಪಾಲು ದೊಡ್ಡದು. ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿ ಅವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಹಾಯಿಸಿ 1954ರಲ್ಲಿ ಪ್ರಕಟಿಸಿದರು. ‘ಫೈಬರ್ ಆಪ್ಟಿಕ್ಸ್’ ಎಂಬ ಹೆಸರನ್ನು ರೂಢಿಗೆ ತಂದವರೂ ಅವರೇ. ಆದರೆ ಆ ಕಾಲದ ಗಾಜಿನಲ್ಲಿ ಇಪ್ಪತ್ತು ಮೀಟರ್ ಸಾಗುವಷ್ಟರಲ್ಲಿ ಬೆಳಕಿನ ನೂರರಲ್ಲಿ ಒಂದು ಪಾಲು ಉಳಿಯುತ್ತಿತ್ತು. ದೋಷ ತತ್ವದ್ದಲ್ಲ, ಗಾಜಿನಲ್ಲಿ ಬೆರೆತ ಕಲ್ಮಶದ್ದು ಎಂದು 1966ರಲ್ಲಿ ಚಾರ್ಲ್ಸ್ ಕಾವ್ ತೋರಿಸಿಕೊಟ್ಟರು. ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅಮೆರಿಕದ ಕಾರ್ನಿಂಗ್ ಸಂಸ್ಥೆ 1970ರಲ್ಲಿ ಒಂದು ಕಿ.ಮೀ. ಸಾಗಿದ ಮೇಲೂ ನೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಉಳಿಯುವ ಎಳೆಯನ್ನು ತಯಾರಿಸಿತು. ಇಂದಿನ ಸಾಮಾನ್ಯ ಫೈಬರಿನಲ್ಲಿ ಹತ್ತು ಕಿ.ಮೀ. ಸಾಗಿದ ಬಳಿಕವೂ ನೂರರಲ್ಲಿ ನಲವತ್ತೈದು ಪಾಲು ಬೆಳಕು ಉಳಿದಿರುತ್ತದೆ.

ಅಷ್ಟು ಶುದ್ಧ ಗಾಜು ಮರಳನ್ನು ಕರಗಿಸಿದರೆ ಸಿಗುವುದಿಲ್ಲ. ಸಿಲಿಕಾನ್ ಟೆಟ್ರಾಕ್ಲೋರೈಡ್ ಎಂಬ ದ್ರವವನ್ನು ಆವಿಯಾಗಿಸಿ, ಕಲ್ಮಶವನ್ನು ಹಿಂದೆಯೇ ಬಿಟ್ಟು, ಆವಿಯನ್ನು ಆಮ್ಲಜನಕದೊಡನೆ ಉರಿಸುತ್ತಾರೆ. ಆಗ ಉಂಟಾಗುವ ಬಿಳಿಯ ಗಾಜಿನ ಮಸಿ ಪದರ ಪದರವಾಗಿ ಕೂಡುತ್ತದೆ. ತಿರುಳಾಗಬೇಕಾದ ಪದರಕ್ಕೆ ಜರ್ಮೇನಿಯಂ ಬೆರೆಸುತ್ತಾರೆ. ಈ ಮಸಿಯನ್ನು ಕಾಯಿಸಿ ಗಟ್ಟಿ ಮಾಡಿದಾಗ ಪಾರದರ್ಶಕ ಗಾಜಿನ ದಿಂಡು ಸಿದ್ಧವಾಗುತ್ತದೆ. ಅದನ್ನು ಹಲವು ಅಂತಸ್ತಿನ ಗೋಪುರದ ತುದಿಗೆ ನೇತುಹಾಕಿ, ಕೆಳತುದಿಯನ್ನು ಸುಮಾರು 2000 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಗೆ ಒಡ್ಡಿದರೆ ಪಾಕದ ಎಳೆಯಂತೆ ಗಾಜು ಕೆಳಗಿಳಿಯುತ್ತದೆ. ಇಳಿಯುತ್ತಿರುವಾಗಲೇ ಅದರ ದಪ್ಪವನ್ನು ಎಡೆಬಿಡದೆ ಅಳೆದು ಎಳೆಯುವ ವೇಗವನ್ನು ಹೊಂದಿಸುತ್ತಾರೆ, ಕೂಡಲೇ ಮೃದುವಾದ ಲೇಪವನ್ನೂ ಹಚ್ಚುತ್ತಾರೆ. ಬರಿಯ ಗಾಜಿಗೆ ಗಾಳಿಯ ತೇವ, ಧೂಳು ತಾಗಿದರೂ ಸೂಕ್ಷ್ಮ ಬಿರುಕು ಹುಟ್ಟುತ್ತದೆ. ಇಂತಹ ಗಾಜಿನ ಎಳೆಯನ್ನು ಭಾರತದಲ್ಲಿಯೂ ತಯಾರಿಸುತ್ತಾರೆ. ಮಹಾರಾಷ್ಟ್ರದ ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿರುವ ಸ್ಟರ್ಲೈಟ್ ಸಂಸ್ಥೆಯ ಘಟಕ ಪ್ರಸಿದ್ಧವಾದುದು.

ಬಣ್ಣ ಬಳಿದ ಎಳೆಗಳನ್ನು ಸಣ್ಣ ಕೊಳವೆಗಳಲ್ಲಿ ಸಡಿಲವಾಗಿ ಇರಿಸಿ, ನೀರು ನುಗ್ಗದಂತೆ ಜೆಲ್ ತುಂಬಿ, ನಡುವಿನ ಗಟ್ಟಿ ಕಡ್ಡಿಯ ಸುತ್ತ ಆ ಕೊಳವೆಗಳನ್ನು ಸುರುಳಿ ಸುತ್ತಿ ಕಪ್ಪು ಕವಚ ತೊಡಿಸಿದರೆ ಕೇಬಲ್ ಪೂರ್ಣ. ಇಲಿ ಹೆಗ್ಗಣಗಳ ಕಾಟವಿರುವೆಡೆ ಬಳಸುವ ಕೇಬಲ್‌ಗೆ ಉಕ್ಕಿನ ಪಟ್ಟಿಯ ಕವಚವೂ ಉಂಟು. ಸಂಡೂರಿನ ಗುಡ್ಡಗಳ ಅದಿರಿಗೆ ಇಡೀ ಕೇಬಲ್‌ನಲ್ಲಿ ದೊರೆಯಬಹುದಾದ ಸ್ಥಾನ ಅದೊಂದೇ.

ನೆಲ ಅಗೆಯುವ ಮುನ್ನ

ಭಾರತ್‌ನೆಟ್ ಕೇಬಲ್ ಅನ್ನು ಸಾಮಾನ್ಯ ಮಣ್ಣಿನಲ್ಲಿ ಪಾಲಿಥಿನ್ ಕೊಳವೆಯೊಳಗೆ 1.65 ಮೀಟರ್ ಆಳದಲ್ಲಿ ಇರಿಸಬೇಕೆಂಬುದು ನಿಯಮ. ದರೋಜಿ ಸುತ್ತಲಿನ ಬಂಡೆಗಲ್ಲಿನ ನೆಲದಲ್ಲಿ ಅಷ್ಟು ಆಳ ಎಲ್ಲೆಡೆ ಸಾಧ್ಯವಾಗದು. ಅಂತಹ ಕಡೆ ಕಡಿಮೆ ಆಳದಲ್ಲಿ ಹೆಚ್ಚುವರಿ ರಕ್ಷಣೆಯೊಡನೆ ಹಾಯಿಸಲಾಗುತ್ತದೆ. ಅಂದರೆ ಎಲ್ಲಿ ನೆಲ ಗಟ್ಟಿಯೋ ಅಲ್ಲಿಯೇ ಕೇಬಲ್ ಮೇಲ್ಮೈಗೆ ಹತ್ತಿರ. ಜಲ ಜೀವನ್ ಮಿಷನ್ ಕೊಳವೆಗೋ ಚರಂಡಿಗೋ ಜೆಸಿಬಿ ಒಮ್ಮೆ ಬಕೆಟ್ ಇಳಿಸಿದರೆ ಸಾಕು, ಆ ಎಳೆಯನ್ನು ಅವಲಂಬಿಸಿದ ಪಂಚಾಯತಿ ಕಚೇರಿ, ಶಾಲೆ, ಆಸ್ಪತ್ರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ.

ಕಡಿದ ತಾಮ್ರದ ತಂತಿಯನ್ನು ಕೈಯಿಂದ ಹೊಸೆದು ಟೇಪು ಸುತ್ತುವಂತೆ ಫೈಬರನ್ನು ಜೋಡಿಸಲಾಗದು. ಎರಡು ತುದಿಗಳ 9 ಮೈಕ್ರೋಮೀಟರಿನ ತಿರುಳುಗಳು ಎದುರುಬದುರಾಗಿ ಕೂರಬೇಕು. ಯಂತ್ರ ಅವನ್ನು ಹೊಂದಿಸಿ ವಿದ್ಯುತ್ ಕಿಡಿಯಿಂದ ಬೆಸೆಯುತ್ತದೆ. ಅದಕ್ಕೂ ಮೊದಲು ಕಡಿದ ಜಾಗ ತಿಳಿಯಬೇಕು. ಅದನ್ನು ಪತ್ತೆಹಚ್ಚುವ ಉಪಕರಣ ಬೆಳಕಿನ ಮಿಡಿತವೊಂದನ್ನು ಕಳುಹಿಸಿ, ತುಂಡಾದ ತುದಿಯಿಂದ ಅದು ಮರಳುವ ಸಮಯವನ್ನು ಅಳೆಯುತ್ತದೆ. ಒಂದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ ಹಿಡಿದರೆ ದೋಷ ಹತ್ತು ಕಿ.ಮೀ. ದೂರದಲ್ಲಿದೆ ಎಂದರ್ಥ. ಆದರೆ ಅದು ಹೇಳುವುದು ಎಳೆಯ ಉದ್ದವನ್ನು, ರಸ್ತೆಯ ಉದ್ದವನ್ನಲ್ಲ. ಕೇಬಲ್ ಒಳಗಿನ ಸುರುಳಿ, ಜೋಡಣೆಯ ಗುಂಡಿಗಳಲ್ಲಿ ಸುತ್ತಿಟ್ಟ ಹೆಚ್ಚುವರಿ ಉದ್ದ ಇವೆಲ್ಲ ಸೇರಿ ಎರಡೂ ಲೆಕ್ಕ ಬೇರೆಯಾಗುತ್ತವೆ. ಎಲ್ಲಿ ಅಗೆದರೆಂದು ಊರಿನವರು ಹೇಳದೇ ಹೋದರೆ, ದುರಸ್ತಿಯವರು ಹುಡುಕುತ್ತ ಮತ್ತಷ್ಟು ಗುಂಡಿ ತೋಡಬೇಕಾಗುತ್ತದೆ. ಜೆಸಿಬಿ ಚಾಲಕನನ್ನು ಗದರಿಸಿ ಓಡಿಸುವುದಕ್ಕಿಂತ, ಕೇಬಲ್ ತಾಗಿದ ಕೂಡಲೇ ತಿಳಿಸುವಂತೆ ಅವನಿಗೆ ಧೈರ್ಯ ಹೇಳಿರುವುದು ಹೆಚ್ಚು ಪ್ರಯೋಜನಕಾರಿ. ಹೆದರಿ ಮಣ್ಣು ಮುಚ್ಚಿ ಹೋದ ಗುಂಡಿಯೇ ಎಲ್ಲಕ್ಕಿಂತ ದುಬಾರಿ.

ಅಗೆತದ ಮುನ್ಸೂಚನೆಗಾಗಿ ಕೇಂದ್ರ ಸರ್ಕಾರವು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ಆರಂಭಿಸಿದೆ. ಅಗೆಯುವವರು ಸ್ಥಳ ನಮೂದಿಸಿದರೆ, ಅಲ್ಲಿ ಕೇಬಲ್ ಅಥವಾ ಕೊಳವೆ ಹೊಂದಿರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಕಾಮಗಾರಿ ಆದೇಶದಲ್ಲಿಯೇ ಇದನ್ನು ಷರತ್ತಾಗಿ ಸೇರಿಸಲು ಸಾಮಾನ್ಯ ಸಭೆ ನಿರ್ಣಯಿಸಬಹುದು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಭಾರತ್‌ನೆಟ್ ಯೋಜನೆಯಲ್ಲಿ ಪಂಚಾಯತಿಗಳನ್ನು ಉಂಗುರದಂತೆ ಜೋಡಿಸುವ ವ್ಯವಸ್ಥೆಯಿದೆ. ಒಂದು ಬದಿ ಕಡಿದರೆ ಇನ್ನೊಂದು ಬದಿಯಿಂದ ಸಂಪರ್ಕ ಮುಂದುವರಿಯುತ್ತದೆ. ಆದರೆ ಉಂಗುರದಿಂದ ಕಚೇರಿಗೆ ಬರುವ ಕವಲು ಕಡಿದರೆ ಉಂಗುರವೂ ನೆರವಾಗದು.

ಸಂಪರ್ಕ ನಿಂತ ದಿನ ಗೋಡೆಯ ಪೆಟ್ಟಿಗೆಯನ್ನು ಮೊದಲು ನೋಡಬೇಕು. ಯಾವ ದೀಪವೂ ಉರಿಯದಿದ್ದರೆ ತೊಂದರೆ ವಿದ್ಯುತ್ತಿನದು ಅಥವಾ ಬ್ಯಾಟರಿಯದು. ‘ಎಲ್.ಓ.ಎಸ್.’ ಎಂದು ಬರೆದಿರುವ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ತಲುಪುತ್ತಿಲ್ಲ. ಆಗ ಫೈಬರ್ ನಿರ್ವಹಣೆಯವರಿಗೆ ದೂರು ನೀಡಬೇಕು, ಹಿಂದಿನ ಎರಡು ದಿನಗಳಲ್ಲಿ ಎಲ್ಲೆಲ್ಲಿ ಅಗೆಯಲಾಗಿದೆ ಎಂಬುದನ್ನೂ ಜೊತೆಗೆ ತಿಳಿಸಬೇಕು. ಆ ಕೆಂಪು ದೀಪ ಆರಿದ್ದು ‘ಲ್ಯಾನ್’ ದೀಪ ಮಾತ್ರ ಉರಿಯದಿದ್ದರೆ ಸಂಶಯ ಕಚೇರಿಯ ಒಳಗಿನ ತಾಮ್ರದ ಕೇಬಲ್ ಅಥವಾ ಅದರ ಪಿನ್ನಿನ ಮೇಲೆ. ಬೇರೆ ಕೇಬಲ್ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಫೈಬರ್ ಬರುವ ಮಾರ್ಗ, ಅದರ ಗುರುತು ಕಲ್ಲುಗಳು, ಕಡಿದು ಬೆಸೆದ ಸ್ಥಳ ಹಾಗೂ ದಿನಾಂಕಗಳನ್ನು ಊರಿನ ನಕ್ಷೆಯ ಪ್ರತಿಯೊಂದರಲ್ಲಿ ಗುರುತಿಸಿ ಕಚೇರಿಯ ಆಸ್ತಿ ವಹಿಯೊಡನೆ ಇರಿಸಬೇಕು. ಕಾರ್ಯದರ್ಶಿ ಅಥವಾ ಗಣಕಯಂತ್ರ ನಿರ್ವಾಹಕರು ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಈ ನಕ್ಷೆಯೂ ಸೇರಿರಬೇಕು.